ಸ್ತನ ಕ್ಯಾನ್ಸರ್ ಆಪರೇಷನ್: ದಿನ ಗೊತ್ತು ಮಾಡುವ ಮುಂಚೆಯೇ ತಿಳಿದುಕೊಳ್ಳಬೇಕಾದ ವಿಷಯಗಳು

ಸ್ತನದಲ್ಲಿ ಕ್ಯಾನ್ಸರ್ ಇದೆ ಅಂತ ಗೊತ್ತಾದ ಕೂಡಲೇ ಮನೆಯಲ್ಲಿ ಎಲ್ಲರ ಬಾಯಲ್ಲೂ ಬರುವುದು ಒಂದೇ ಮಾತು: ಬೇಗ ತೆಗೆಸಿಬಿಡೋಣ. ಆ ಗಾಬರಿ ಸಹಜ. ಆದರೆ ಇದು ಗಂಟೆಗಳ ಲೆಕ್ಕದಲ್ಲಿ ಓಡಬೇಕಾದ ಕಾಯಿಲೆ ಅಲ್ಲ. ಪರೀಕ್ಷೆಗಳನ್ನು ಸರಿಯಾಗಿ ಮಾಡಿಸಿ, ಎರಡು ಮೂರು ವಾರದಲ್ಲಿ ಯೋಚಿಸಿ ತೀರ್ಮಾನಕ್ಕೆ ಬಂದರೆ ಸಾಮಾನ್ಯವಾಗಿ ಏನೂ ಕೆಡುವುದಿಲ್ಲ. ತಿಂಗಳುಗಟ್ಟಲೆ ಮುಂದೂಡುವುದು ಮಾತ್ರ ಬೇಡವೇ ಬೇಡ.

ಈ ಲೇಖನ ಆ ಎರಡು ಮೂರು ವಾರಕ್ಕಾಗಿ ಬರೆದದ್ದು. ನಾನು ಒತ್ತಿ ಹೇಳಬೇಕಾದ್ದು ಒಂದೇ ವಿಷಯ. ಸ್ತನ ಉಳಿಸಿಕೊಳ್ಳಬಹುದಾ, ತೆಗೆದರೆ ಮತ್ತೆ ಕಟ್ಟಿಸಿಕೊಳ್ಳಬಹುದಾ ಎಂಬ ಪ್ರಶ್ನೆಗಳನ್ನು ಮೊದಲ ಆಪರೇಷನ್‌ಗೆ ಮುಂಚೆಯೇ ಕೇಳಬೇಕು. ಚರ್ಮವನ್ನು ಎಲ್ಲಿ ಕೊಯ್ಯುತ್ತಾರೆ, ಎಷ್ಟು ಚರ್ಮ ಉಳಿಸುತ್ತಾರೆ ಎಂಬುದರ ಮೇಲೆ ಮುಂದಿನ ಎಷ್ಟೋ ದಾರಿಗಳು ನಿಂತಿರುತ್ತವೆ. ನಮ್ಮ ಚಿಕ್ಕಮ್ಮನಿಗೆ ಮರುರಚನೆ ಅಂತ ಒಂದು ಆಪರೇಷನ್ ಇದೆ ಅನ್ನುವುದೇ ಗೊತ್ತಾದದ್ದು ಹೊಲಿಗೆ ಒಣಗಿ ಎಷ್ಟೋ ದಿನದ ಮೇಲೆ, ಪಕ್ಕದ ಬೆಡ್ಡಿನವರಿಂದ. ಮೊದಲೇ ಹೇಳಿದ್ದರೂ ಅವರು ಬೇಡ ಅಂತಲೇ ಅನ್ನುತ್ತಿದ್ದರೇನೋ. ಆದರೆ ಬೇಡ ಅನ್ನುವ ಅವಕಾಶವೂ ಅವರಿಗೆ ಸಿಗಲಿಲ್ಲ.

ಮೊದಲು ಬಯಾಪ್ಸಿ, ಆಮೇಲೆ ಆಪರೇಷನ್

ಗಂಟು ಕೈಗೆ ಸಿಕ್ಕ ತಕ್ಷಣ ಊರಿನ ನರ್ಸಿಂಗ್ ಹೋಮಿನಲ್ಲಿ ಅದನ್ನು ಕೊಯ್ದು ತೆಗೆಸಬೇಡಿ. ಕ್ಯಾನ್ಸರ್ ಅಂತ ಗೊತ್ತಿಲ್ಲದೆ ತೆಗೆದ ಗಂಟಿನ ಅಂಚಿನಲ್ಲಿ ಕ್ಯಾನ್ಸರ್ ಉಳಿಯುವುದು ಸಾಮಾನ್ಯ. ಆಗ ಎರಡನೇ ಆಪರೇಷನ್ ಮೊದಲನೆಯದಕ್ಕಿಂತ ದೊಡ್ಡದಾಗುತ್ತದೆ. ಡಾಕ್ಟರ್ ಕೈಯಿಂದ ಪರೀಕ್ಷೆ, ಮ್ಯಾಮೊಗ್ರಾಂ ಜೊತೆಗೆ ಅಲ್ಟ್ರಾಸೌಂಡ್, ಕೊನೆಗೆ ಸೂಜಿ ಬಯಾಪ್ಸಿ, ಇದು ಸರಿಯಾದ ಕ್ರಮ. ಸೂಜಿ ಬಯಾಪ್ಸಿಯಲ್ಲೂ ದಪ್ಪ ಸೂಜಿಯದ್ದು ಆಗಬೇಕು. ಟ್ರೂಕಟ್ ಅಂತ ಕರೆಯುತ್ತಾರೆ. ತೆಳು ಸೂಜಿಯ ಎಫ್‌ಎನ್‌ಎಸಿಯಲ್ಲಿ ಸಿಗುವುದು ಬಿಡಿ ಬಿಡಿ ಜೀವಕೋಶ ಮಾತ್ರ. ದಪ್ಪ ಸೂಜಿಯಲ್ಲಿ ಗಂಟಿನ ಒಂದು ಸಣ್ಣ ತುಣುಕೇ ಸಿಗುತ್ತದೆ. ಅದರಿಂದ ಇಆರ್, ಪಿಆರ್, ಹರ್-2 ಎಂಬ ಮೂರು ಪರೀಕ್ಷೆ ಚೆನ್ನಾಗಿ ಮಾಡಬಹುದು. ಮೊದಲೆರಡು ಹಾರ್ಮೋನಿಗೆ ಸಂಬಂಧಿಸಿದವು, ಮೂರನೆಯದು ಕ್ಯಾನ್ಸರ್ ಕೋಶದ ಮೇಲಿನ ಒಂದು ಪ್ರೋಟೀನಿಗೆ. ಮುಂದಿನ ಇಡೀ ಚಿಕಿತ್ಸೆ ಈ ಮೂರರ ಮೇಲೆ ನಿಂತಿದೆ.

ಸೂಜಿ ಚುಚ್ಚಿದರೆ, ಕತ್ತಿ ತಾಗಿದರೆ ಕ್ಯಾನ್ಸರ್ ಹರಡುತ್ತೆ ಅನ್ನುವ ಮಾತು ಹಳ್ಳಿಯಲ್ಲೂ ಇದೆ, ಪೇಟೆಯಲ್ಲೂ ಇದೆ. ಅದು ಸುಳ್ಳು. ಆ ಭಯದಿಂದ ಬಯಾಪ್ಸಿ ಬಿಟ್ಟು ಬೇರೇನೋ ಔಷಧಿ ಹುಡುಕಿಕೊಂಡು ಹೋದವರು ಕಾಯಿಲೆ ಮುಂದುವರಿದ ಮೇಲೆ ಆಸ್ಪತ್ರೆಗೆ ಬರುತ್ತಾರೆ.

ಡಾಕ್ಟರ್ ರೂಮಿನಲ್ಲಿ ಆಕೆಯೇ ಇರಬೇಕು

ನಮ್ಮಲ್ಲಿ ಗಂಡನೋ ಮಗನೋ ಒಳಗೆ ಹೋಗಿ ಮಾತಾಡಿ ಬರುತ್ತಾರೆ. ಹೊರಗೆ ಬೆಂಚಿನ ಮೇಲೆ ಕೂತವರಿಗೆ "ಚಿಕ್ಕ ಗಡ್ಡೆ, ತೆಗೀತಾರಂತೆ" ಅಂತ ಹೇಳಿಬಿಡುತ್ತಾರೆ. ಪ್ರೀತಿಯಿಂದಲೇ ಹಾಗೆ ಮಾಡುವುದು, ಗೊತ್ತು. ಆದರೂ ಅದು ತಪ್ಪು. "ವಯಸ್ಸಾಯ್ತು, ಮಕ್ಕಳಾದವು, ಇನ್ಯಾಕೆ ಅದೆಲ್ಲ" ಅಂತ ಬೇರೆಯವರು ತೀರ್ಮಾನ ಮಾಡಬಾರದು. 60 ದಾಟಿದ ಹೆಂಗಸಿಗೂ ತನ್ನ ಮೈ ತನ್ನದೇ ಅಲ್ವಾ? ಸ್ತನ ಉಳಿಸುವುದಕ್ಕಾಗಲಿ ಮರುರಚನೆಗಾಗಲಿ ವಯಸ್ಸೊಂದೇ ಅಡ್ಡಿಯಲ್ಲ. ಒಟ್ಟು ಆರೋಗ್ಯ ಹೇಗಿದೆ ಅನ್ನುವುದು ಮುಖ್ಯ.

ಭೇಟಿಗೆ ಹೋಗುವಾಗ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ. ಜೊತೆಗೊಬ್ಬರು ಇರಲಿ, ಉತ್ತರ ಬರೆದುಕೊಳ್ಳುವುದು ಅವರ ಕೆಲಸ. ಸರ್ಜನ್, ಕೀಮೋ ಡಾಕ್ಟರ್, ರೇಡಿಯೇಷನ್ ಡಾಕ್ಟರ್ ಮೂವರೂ ಸೇರಿ ಕೇಸ್ ನೋಡುವ ಟ್ಯೂಮರ್ ಬೋರ್ಡ್ ಆ ಆಸ್ಪತ್ರೆಯಲ್ಲಿ ಇದೆಯಾ ಅಂತ ಕೇಳಿ. ಸ್ತನ ಪೂರ್ತಿ ತೆಗೆಯುವ ಮಾತು ಬಂದರೆ, ಆಪರೇಷನ್‌ಗೆ ಮುಂಚೆಯೇ ಪ್ಲಾಸ್ಟಿಕ್ ಸರ್ಜನ್‌ನ ಒಮ್ಮೆ ನೋಡಬೇಕು ಅಂತ ಹೇಳಿ. ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳಿದರೆ ಮೊದಲಿನವರು ಬೇಜಾರಾಗುತ್ತಾರೆ ಅಂತ ಸಂಕೋಚ ಬೇಡ. ಬಯಾಪ್ಸಿ ಬ್ಲಾಕ್ (ಮೇಣದಲ್ಲಿ ಕೂರಿಸಿದ ತುಣುಕು) ಮತ್ತು ಸ್ಲೈಡ್ (ಗಾಜಿನ ಪಟ್ಟಿಯ ಮೇಲಿನ ತೆಳು ಪದರ) ಕೇಳಿ ತಗೊಳ್ಳಬಹುದು.

ಕೀಮೋ ಮೊದಲಾ, ಆಪರೇಷನ್ ಮೊದಲಾ

ಗಂಟು ದೊಡ್ಡದಿದ್ದರೆ, ಕಂಕುಳಿಗೆ ಹರಡಿದ್ದರೆ, ಹರ್-2 ಪಾಸಿಟಿವ್ ಅಥವಾ ಟ್ರಿಪಲ್ ನೆಗೆಟಿವ್ (ಆ ಮೂರೂ ಪರೀಕ್ಷೆ ನೆಗೆಟಿವ್) ಆಗಿದ್ದರೆ ಎಷ್ಟೋ ಸಲ ಕೀಮೋವನ್ನೇ ಮೊದಲು ಕೊಡುತ್ತಾರೆ. "ಆಪರೇಷನ್ ಮಾಡಲು ಆಗದಷ್ಟು ಕೈಮೀರಿದೆ" ಅಂತ ಅದರ ಅರ್ಥವಲ್ಲ. ಗಂಟು ಕುಗ್ಗಿದರೆ ಇಡೀ ಸ್ತನ ತೆಗೆಯಬೇಕಾಗಿದ್ದವರಿಗೂ ಸ್ತನ ಉಳಿಯಬಹುದು. ಔಷಧಿ ಎಷ್ಟು ನಾಟಿದೆ ಅನ್ನುವುದೂ ಕಾಣುತ್ತದೆ. ಇಲ್ಲಿ ಒಂದು ಸಣ್ಣ ಆದರೆ ಮುಖ್ಯವಾದ ವಿಷಯವಿದೆ. ಕೀಮೋ ಶುರುವಾಗುವ ಮುಂಚೆ ಗಂಟಿನೊಳಗೆ ಒಂದು ಪುಟ್ಟ ಲೋಹದ ಕ್ಲಿಪ್ ಇಡಿಸಿ. ಗಂಟು ಪೂರ್ತಿ ಕರಗಿಹೋದರೆ ಅದು ಎಲ್ಲಿತ್ತು ಅಂತ ಸರ್ಜನ್‌ಗೆ ತೋರಿಸುವುದು ಆ ಕ್ಲಿಪ್ಪೇ.

ಗಂಟು ಮಾತ್ರವೋ, ಇಡೀ ಸ್ತನವೋ

ಪೂರ್ತಿ ತೆಗೆದರೆ ಜಾಸ್ತಿ ಸೇಫ್ ಅನ್ನುವ ನಂಬಿಕೆ ಗಟ್ಟಿಯಾಗಿದೆ. 19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ ಸ್ತನದ ಜೊತೆ ಎದೆಯ ಸ್ನಾಯುವನ್ನೂ ಕಂಕುಳದ ಗಂಟುಗಳನ್ನೂ (ಎಲ್ಲರ ಮೈಯಲ್ಲೂ ಇರುವ ಲಿಂಫ್ ನೋಡ್‌ಗಳು) ತೆಗೆಯುವ ಆಪರೇಷನ್ ರೂಢಿಗೆ ತಂದರು. ಎಷ್ಟೋ ದಶಕ ಅದೇ ನಡೆಯಿತು. ಆಮೇಲೆ 1970ರ ದಶಕದಲ್ಲಿ ಇಟಲಿಯ ಮಿಲಾನ್‌ನಲ್ಲಿ ಉಂಬರ್ಟೊ ವೆರೊನೇಸಿ, ಅಮೆರಿಕದಲ್ಲಿ ಬರ್ನಾರ್ಡ್ ಫಿಶರ್ ಬೇರೆ ಬೇರೆಯಾಗಿ ಇದನ್ನು ಪರೀಕ್ಷೆಗೆ ಒಡ್ಡಿದರು. ಒಂದು ಗುಂಪಿಗೆ ಇಡೀ ಸ್ತನ ತೆಗೆದರು. ಇನ್ನೊಂದು ಗುಂಪಿಗೆ ಸ್ತನ ಉಳಿಸಿ ರೇಡಿಯೇಷನ್ ಕೊಟ್ಟರು. 20 ವರ್ಷ ಹಿಂಬಾಲಿಸಿ ನೋಡಿದ ಫಲಿತಾಂಶ 2002ರಲ್ಲಿ ಬಂತು. ಎರಡೂ ಕಡೆ ಬದುಕಿ ಉಳಿಯುವ ಸಾಧ್ಯತೆಯಲ್ಲಿ ವ್ಯತ್ಯಾಸ ಇರಲಿಲ್ಲ. ಉಳಿಸಿದ ಸ್ತನದಲ್ಲಿ ಕ್ಯಾನ್ಸರ್ ಮತ್ತೆ ಬರುವ ಸಾಧ್ಯತೆ ಸ್ವಲ್ಪ ಇರುತ್ತದೆ, ಅದಕ್ಕೇ ರೇಡಿಯೇಷನ್ ಬೇಕು. ಹಾಗೆ ಬಂದರೂ ಮತ್ತೆ ಚಿಕಿತ್ಸೆ ಮಾಡಬಹುದು.

ಆದ್ದರಿಂದ ಪ್ರಶ್ನೆ "ಜೀವವೋ ಸ್ತನವೋ" ಅನ್ನುವುದಲ್ಲ. ನನ್ನ ಗಂಟು ಎಷ್ಟು ದೊಡ್ಡದು, ನನ್ನ ಸ್ತನಕ್ಕೆ ಹೋಲಿಸಿದರೆ ಎಷ್ಟು ಭಾಗ ಹೋಗುತ್ತದೆ, ರೇಡಿಯೇಷನ್‌ಗೆ ಹೋಗಿಬರಲು ನನಗೆ ಆಗುತ್ತದಾ ಎಂಬುದು ಕೇಳಿಕೊಳ್ಳಬೇಕಾದ ಪ್ರಶ್ನೆ.

ಗಂಟು ಮಾತ್ರ ತೆಗೆಯುವುದನ್ನು ಲಂಪೆಕ್ಟಮಿ ಅನ್ನುತ್ತಾರೆ. ಗಂಟಿನ ಸುತ್ತ ಆರೋಗ್ಯವಾದ ಭಾಗವನ್ನೂ ಸ್ವಲ್ಪ ಸೇರಿಸಿ ತೆಗೆಯುತ್ತಾರೆ. ತೆಗೆದದ್ದರ ಅಂಚಿಗೆ ಪೆಥಾಲಜಿಯವರು ಶಾಯಿ ಹಚ್ಚುತ್ತಾರೆ. ಶಾಯಿ ತಾಗಿದ ಕಡೆ ಕ್ಯಾನ್ಸರ್ ಕಂಡರೆ ಇನ್ನೊಂದು ಸಲ ಆಪರೇಷನ್ ಬೇಕಾಗಬಹುದು. ಈ ಸಾಧ್ಯತೆಯನ್ನು ಮೊದಲೇ ತಿಳಿದಿದ್ದರೆ ಆಮೇಲೆ ಎದೆ ಒಡೆಯುವುದಿಲ್ಲ. ಗಂಟು ದೊಡ್ಡದಿದ್ದು ಆಕಾರ ಕೆಡುತ್ತದೆ ಅನ್ನಿಸಿದರೆ ಆಂಕೋಪ್ಲಾಸ್ಟಿ ಕೇಳಿ. ಸ್ತನದ ಉಳಿದ ಭಾಗವನ್ನೇ ಸರಿಸಿ, ಇಲ್ಲವೇ ಕಂಕುಳ ಪಕ್ಕದ ಕೊಬ್ಬನ್ನು ತಿರುಗಿಸಿ ಹಳ್ಳ ತುಂಬುವ ವಿಧಾನ ಇದು. ದೊಡ್ಡ ಸ್ತನ ಇರುವವರಿಗೆ ತುಂಬಾ ಚೆನ್ನಾಗಿ ಒದಗುತ್ತದೆ.

ರೇಡಿಯೇಷನ್ ಹಿಂದೆಲ್ಲ ಐದು ವಾರ ಹಿಡಿಯುತ್ತಿತ್ತು. ಈಗ ಹೆಚ್ಚಿನವರಿಗೆ ಮೂರು ವಾರದಲ್ಲಿ 15 ಸಲ ಕೊಟ್ಟು ಮುಗಿಸುತ್ತಾರೆ. ಕೆಲವರಿಗೆ ಒಂದೇ ವಾರದಲ್ಲಿ 5 ಸಲ ಸಾಕು. ಯಂತ್ರ ಇರುವ ಊರಿಂದ ದೂರ ಇರುವವರು ಇದನ್ನು ಕೇಳಿಯೇ ತೀರ್ಮಾನ ಮಾಡಿ. ಉಳಿಯುವ ಜಾಗದ ಬಗ್ಗೆಯೂ ವಿಚಾರಿಸಿ. ಬೆಂಗಳೂರಿನ ಕಿದ್ವಾಯಿಯಂಥ ಕಡೆ ಧರ್ಮಶಾಲೆ ಇದೆ. ಕಲಬುರಗಿಯಲ್ಲೂ ಕಿದ್ವಾಯಿಯ ಕೇಂದ್ರವಿದೆ. ಸ್ತನ ಪೂರ್ತಿ ತೆಗೆಸಿದರೆ ರೇಡಿಯೇಷನ್ ತಪ್ಪುತ್ತದೆ ಅಂತ ಖಾತ್ರಿ ಇಲ್ಲ. ಗಂಟು 5 ಸೆಂಟಿಮೀಟರ್‌ಗಿಂತ ದೊಡ್ಡದಿದ್ದರೆ, ಕಂಕುಳಿಗೆ ಹರಡಿದ್ದರೆ ಆಗಲೂ ಬೇಕಾಗಬಹುದು.

ಸಾಮಾನ್ಯವಾಗಿ ಇಡೀ ಸ್ತನ ತೆಗೆಯಬೇಕಾಗುವ ಸಂದರ್ಭಗಳೂ ಇವೆ. ಒಂದೇ ಸ್ತನದಲ್ಲಿ ದೂರ ದೂರ ಹಲವು ಕಡೆ ಕ್ಯಾನ್ಸರ್ ಇದ್ದಾಗ, ಇಡೀ ಸ್ತನ ಕೆಂಪಾಗಿ ಊದಿಕೊಳ್ಳುವ ಉರಿಯೂತದ ಕ್ಯಾನ್ಸರ್ ಆದಾಗ, ಮೊದಲೇ ಎದೆಗೆ ರೇಡಿಯೇಷನ್ ಆಗಿದ್ದಾಗ, ಬಿಆರ್‌ಸಿಎ ಜೀನ್‌ನಲ್ಲಿ ದೋಷ (ಸ್ತನ ಕ್ಯಾನ್ಸರ್ ಅಪಾಯ ಹೆಚ್ಚಿಸುವಂಥದ್ದು) ಇರುವ ಕೆಲವರಿಗೆ. ಆಗಲೂ ಹಾಲ್‌ಸ್ಟೆಡ್ ಕಾಲದ ಹಾಗೆ ಎದೆಯ ಸ್ನಾಯು ತೆಗೆಯುವುದು ಈಗ ಅಪರೂಪ. ಚರ್ಮ ಉಳಿಸಿ ಒಳಗಿನದನ್ನು ಮಾತ್ರ ತೆಗೆಯುವ ವಿಧಾನ ಇದೆ, ಮೊಲೆತೊಟ್ಟನ್ನೂ ಉಳಿಸುವ ವಿಧಾನ ಇದೆ. ಗಂಟು ತೊಟ್ಟಿನಿಂದ ದೂರ ಇದ್ದರೆ ಮಾತ್ರ ಎರಡನೆಯದು. ಹೆದರಿ, ಆರೋಗ್ಯವಾಗಿರುವ ಇನ್ನೊಂದು ಸ್ತನವನ್ನೂ ತೆಗೆಸುತ್ತೇನೆ ಅನ್ನುವವರಿದ್ದಾರೆ. ಜೀನ್ ದೋಷ ಇಲ್ಲದವರಿಗೆ ಅದರಿಂದ ಆಯಸ್ಸು ಹೆಚ್ಚುವುದಿಲ್ಲ.

ಕಂಕುಳದ ಗಂಟುಗಳು

ಕೈ ಮುಂದೆ ಹೇಗಿರುತ್ತದೆ ಅನ್ನುವುದು ಇಲ್ಲಿ ನಿರ್ಧಾರವಾಗುತ್ತದೆ. ಆದರೂ ಇದರ ಬಗ್ಗೆ ಕೇಳುವವರು ಕಡಿಮೆ. ಪರೀಕ್ಷೆಯಲ್ಲಿ ಕಂಕುಳ ಸ್ವಚ್ಛವಾಗಿ ಕಂಡರೆ ಎಲ್ಲ ಗಂಟು ತೆಗೆಯುವ ಅಗತ್ಯ ಇಲ್ಲ. ನೀಲಿ ಬಣ್ಣ ಇಲ್ಲವೇ ಸಣ್ಣ ಪ್ರಮಾಣದ ವಿಕಿರಣ ದ್ರವ ಚುಚ್ಚಿ, ಅದು ಮೊದಲು ಹೋಗಿ ಸೇರುವ ಒಂದೆರಡು ಗಂಟುಗಳನ್ನು ಮಾತ್ರ ತೆಗೆದು ನೋಡುತ್ತಾರೆ. ಸೆಂಟಿನೆಲ್ ನೋಡ್ ಬಯಾಪ್ಸಿ ಅಂದರೆ ಇದೇ. ಆಪರೇಷನ್ ಆದ ಮೇಲೆ ಒಂದೆರಡು ದಿನ ಮೂತ್ರ ನೀಲಿ ಹಸಿರಾಗಿ ಬಂದರೆ ಗಾಬರಿಯಾಗಬೇಡಿ, ಅದು ಆ ಬಣ್ಣ.

ಕಂಕುಳದ ಗಂಟುಗಳನ್ನೆಲ್ಲ ತೆಗೆದವರಲ್ಲಿ ಸುಮಾರು 5 ಜನರಲ್ಲಿ ಒಬ್ಬರಿಗೆ ಕೈ ಊತ ಬರುತ್ತದೆ. ಸೆಂಟಿನೆಲ್ ಮಾತ್ರ ಆದವರಲ್ಲಿ ಅದು 20 ಜನರಲ್ಲಿ ಒಬ್ಬರಷ್ಟು. ಹಿಟ್ಟು ನಾದುವ, ಬಟ್ಟೆ ಒಗೆಯುವ, ಗದ್ದೆಯಲ್ಲಿ ದುಡಿಯುವ ಕೈಗೆ ಇದು ಸಣ್ಣ ವ್ಯತ್ಯಾಸ ಅಲ್ಲ. "ನನಗೆ ಸೆಂಟಿನೆಲ್ ಸಾಕಾ?" ಅಂತ ಕೇಳಲೇಬೇಕು.

ಮರುರಚನೆ: ಯಾವಾಗ, ಯಾವುದರಿಂದ

ಆಸ್ಪತ್ರೆಯಲ್ಲಿ ಇದನ್ನು ರೀಕನ್‌ಸ್ಟ್ರಕ್ಷನ್ ಅನ್ನುತ್ತಾರೆ. ಇದು ಸೌಂದರ್ಯದ ಆಸೆ, ಶ್ರೀಮಂತರ ಖಯಾಲಿ ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. ಕ್ಯಾನ್ಸರ್ ಚಿಕಿತ್ಸೆಯ ಒಂದು ಭಾಗ ಇದು. ಮರುರಚನೆಯಿಂದ ಕ್ಯಾನ್ಸರ್ ಮರಳುವ ಸಾಧ್ಯತೆ ಹೆಚ್ಚುವುದಿಲ್ಲ. ಮರಳಿದರೆ ಅದನ್ನು ಕಾಣದಂತೆ ಮುಚ್ಚಿಡುವುದೂ ಇಲ್ಲ.

ಸ್ತನ ತೆಗೆಯುವ ಆಪರೇಷನ್‌ನಲ್ಲೇ ಕಟ್ಟಬಹುದು, ಆಮೇಲೂ ಕಟ್ಟಬಹುದು. ಒಟ್ಟಿಗೇ ಮಾಡಿದರೆ ಸ್ವಂತ ಚರ್ಮ ಉಳಿಯುವುದರಿಂದ ಆಕಾರ ಚೆನ್ನಾಗಿ ಬರುತ್ತದೆ. ಎಚ್ಚರವಾದಾಗ ಎದೆ ಬರಿದಾಗಿರುವುದಿಲ್ಲ. ಆದರೆ ಗಾಯ ಒಣಗುವುದು ತಡವಾದರೆ ಕೀಮೋ ಮುಂದೆ ಹೋಗುವ ಅಪಾಯ ಇದೆ. ರೇಡಿಯೇಷನ್ ಬೇಕಾಗುತ್ತದೆ ಅಂತ ಮೊದಲೇ ಗೊತ್ತಿದ್ದರೆ ಎಷ್ಟೋ ಸರ್ಜನ್‌ಗಳು ಅದು ಮುಗಿದು ಆರು ತಿಂಗಳೋ ಒಂದು ವರ್ಷವೋ ಕಳೆಯಲಿ ಅನ್ನುತ್ತಾರೆ. ಆದ್ದರಿಂದ ಎಲ್ಲಕ್ಕಿಂತ ಮೊದಲು ಕೇಳಬೇಕಾದ್ದು: ನನಗೆ ಆಮೇಲೆ ರೇಡಿಯೇಷನ್ ಬೀಳುವ ಸಾಧ್ಯತೆ ಎಷ್ಟು?

ಒಂದು ದಾರಿ ಇಂಪ್ಲಾಂಟ್. ಚರ್ಮ ಸಾಕಷ್ಟಿದ್ದರೆ ನೇರವಾಗಿ ಸಿಲಿಕೋನ್ ಇಂಪ್ಲಾಂಟ್ ಇಡುತ್ತಾರೆ. ಇಲ್ಲದಿದ್ದರೆ ಮೊದಲು ಎಕ್ಸ್‌ಪಾಂಡರ್ ಎಂಬ ಖಾಲಿ ಚೀಲ ಇಟ್ಟು, ವಾರಕ್ಕೊಮ್ಮೆ ಎರಡು ವಾರಕ್ಕೊಮ್ಮೆ ಸಿರಿಂಜಿನಲ್ಲಿ ಸಲೈನ್ ತುಂಬುತ್ತಾ ಚರ್ಮ ಹಿಗ್ಗಿಸುತ್ತಾರೆ. ಕೆಲವು ತಿಂಗಳ ಮೇಲೆ ಅದನ್ನು ತೆಗೆದು ಇಂಪ್ಲಾಂಟ್ ಇಡುತ್ತಾರೆ. ಆಪರೇಷನ್ ಚಿಕ್ಕದು, ಮೈಯ ಬೇರೆ ಕಡೆ ಗಾಯ ಇಲ್ಲ. ಆದರೆ ಇಂಪ್ಲಾಂಟ್ ಜೀವನಪೂರ್ತಿ ಬರುವುದಲ್ಲ, ಮುಂದೆ ಬದಲಿಸಬೇಕಾಗಬಹುದು. ಸುತ್ತ ಗಟ್ಟಿ ಪೊರೆ ಕಟ್ಟಿ ಸ್ತನ ಕಲ್ಲಿನಂತಾಗಿ ನೋಯುವುದುಂಟು. ರೇಡಿಯೇಷನ್ ಆದವರಲ್ಲಿ ಇದು ಜಾಸ್ತಿ. ಮೇಲ್ಮೈ ತರಿತರಿಯಾಗಿರುವ ಇಂಪ್ಲಾಂಟ್‌ಗಳಿಗೂ ಒಂದು ಅಪರೂಪದ ಲಿಂಫೋಮಾಗೂ (ಬಿಳಿ ರಕ್ತಕಣಗಳ ಕ್ಯಾನ್ಸರ್) ನಂಟು ಕಂಡುಬಂದಿದೆ. 2019ರಲ್ಲಿ ಅಲರ್ಗನ್ ಕಂಪನಿ ಬಯೋಸೆಲ್ ಎಂಬ ಅಂಥ ಇಂಪ್ಲಾಂಟ್‌ಗಳನ್ನು ಜಗತ್ತಿನಾದ್ಯಂತ ಹಿಂದಕ್ಕೆ ಪಡೆಯಿತು. ಹಾಗಾಗಿ ಯಾವ ಕಂಪನಿಯದ್ದು, ನಯವಾದದ್ದಾ ತರಿಯಾದದ್ದಾ ಅಂತ ಕೇಳಿ. ಪೆಟ್ಟಿಗೆಯ ಮೇಲಿನ ಸೀರಿಯಲ್ ನಂಬರ್ ಸ್ಟಿಕ್ಕರನ್ನು ಫೈಲಿನಲ್ಲಿ ಅಂಟಿಸಿಕೊಳ್ಳಿ.

ಇನ್ನೊಂದು ದಾರಿ ನಿಮ್ಮದೇ ಮೈಯ ಮಾಂಸ. ಹೀಗೆ ಬೇರೆ ಕಡೆಯಿಂದ ತಂದು ಕಟ್ಟುವ ಭಾಗಕ್ಕೆ ಫ್ಲಾಪ್ ಅನ್ನುತ್ತಾರೆ. ಬೆನ್ನಿನ ಸ್ನಾಯುವನ್ನು ಚರ್ಮದ ಸಮೇತ ಮುಂದಕ್ಕೆ ತಿರುಗಿಸುವುದು ಎಲ್‌ಡಿ ಫ್ಲಾಪ್. ಇದು ನಂಬಿಕಸ್ತ ವಿಧಾನ, ಚಿಕ್ಕ ಸ್ತನಕ್ಕೆ ಇದೊಂದೇ ಸಾಕಾಗಬಹುದು. ಬೆನ್ನಿನ ಗಾಯದಲ್ಲಿ ಕೆಲವು ವಾರ ನೀರು ತುಂಬಿಕೊಳ್ಳುವುದು ಮಾಮೂಲು. ಹೊಟ್ಟೆಯ ಕೆಳಭಾಗದಿಂದ ತೆಗೆಯುವ ಎರಡು ವಿಧಾನ ಇವೆ. ಹಳೆಯದು ಟ್ರಾಮ್ ಫ್ಲಾಪ್. ಅದರಲ್ಲಿ ಹೊಟ್ಟೆಯ ಸ್ನಾಯುವೂ ಹೋಗುತ್ತದೆ, ಆಮೇಲೆ ಹೊಟ್ಟೆ ಉಬ್ಬಬಹುದು, ಹರ್ನಿಯಾ ಆಗಬಹುದು. ಹೊಸದು ಡೀಪ್ ಫ್ಲಾಪ್. ಸ್ನಾಯುವನ್ನು ಅಲ್ಲೇ ಬಿಟ್ಟು ಚರ್ಮ, ಕೊಬ್ಬು, ರಕ್ತನಾಳ ಮಾತ್ರ ತೆಗೆದು ಎದೆಯ ರಕ್ತನಾಳಕ್ಕೆ ಮೈಕ್ರೋಸ್ಕೋಪ್ ಕೆಳಗೆ ಹೊಲಿಯುತ್ತಾರೆ. ಮುಟ್ಟಿದರೆ ಮೆತ್ತಗೆ, ಬೆಚ್ಚಗೆ ಇರುತ್ತದೆ. ಮೈತೂಕದ ಜೊತೆ ಏರಿ ಇಳಿಯುತ್ತದೆ. ರೇಡಿಯೇಷನ್ ಆದ ಎದೆಗೆ ಸ್ವಂತ ಮಾಂಸವೇ ಹೆಚ್ಚು ಒಗ್ಗುತ್ತದೆ ಅನ್ನುವುದನ್ನು ಹೆಚ್ಚಿನ ಸರ್ಜನ್‌ಗಳು ಒಪ್ಪುತ್ತಾರೆ.

ಆದರೆ ಡೀಪ್ ಆಪರೇಷನ್ ಆರರಿಂದ ಎಂಟು ಗಂಟೆ ಹಿಡಿಯಬಹುದು. ಮೊದಲ ಒಂದೆರಡು ದಿನ ನರ್ಸ್ ಗಂಟೆಗಂಟೆಗೂ ಬಂದು ರಕ್ತ ಹರಿಯುತ್ತಿದೆಯಾ ಅಂತ ನೋಡುತ್ತಾರೆ. ನೂರರಲ್ಲಿ ಕೆಲವರಿಗೆ ನಾಳ ಕಟ್ಟಿಕೊಂಡು ಇಡೀ ಫ್ಲಾಪ್ ಹೋಗುತ್ತದೆ. ಹೀಗಾಗಿ ನೀವು ವರ್ಷಕ್ಕೆ ಎಷ್ಟು ಡೀಪ್ ಮಾಡುತ್ತೀರಿ, ಅವುಗಳಲ್ಲಿ ಎಷ್ಟು ಕೈಕೊಟ್ಟಿವೆ ಅಂತ ಸರ್ಜನ್‌ನ ನೇರವಾಗಿ ಕೇಳಿ. ಅನುಭವಿ ಡಾಕ್ಟರ್‌ಗಳು ಇದಕ್ಕೆ ಸಿಟ್ಟಾಗುವುದಿಲ್ಲ.

ನಮ್ಮ ಕಡೆ ತುಂಬಾ ಹೆಂಗಸರಿಗೆ ಬರುವ ಅನುಮಾನ: ಸಿಸೇರಿಯನ್ ಆಗಿದೆ, ಹೊಟ್ಟೆಯಿಂದ ತೆಗೆಯಲು ಆಗುತ್ತದಾ? ಸಾಮಾನ್ಯವಾಗಿ ಆಗುತ್ತದೆ. ಸಿಟಿ ಆಂಜಿಯೊ ಮಾಡಿ ನಾಳಗಳು ಸರಿಯಿವೆಯಾ ನೋಡುತ್ತಾರೆ. ಹೊಟ್ಟೆಯ ಬೊಜ್ಜು ಕೊಯ್ದು ತೆಗೆಸಿಕೊಂಡವರಿಗೆ ಮಾತ್ರ ಆಗುವುದಿಲ್ಲ. ಹೊಟ್ಟೆಯಲ್ಲಿ ಕೊಬ್ಬೇ ಇಲ್ಲದವರಿಗೆ ತೊಡೆಯ ಒಳಭಾಗದಿಂದ ತೆಗೆಯಬಹುದು.

ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕು. ಎಲೆ ಅಡಿಕೆ ಜೊತೆ ಹೊಗೆಸೊಪ್ಪು, ಕಡ್ಡಿಪುಡಿ ಹಾಕುವವರು ಆ ವಿಷಯವನ್ನು ಡಾಕ್ಟರ್ ಹತ್ತಿರ ಮುಚ್ಚಿಡಬೇಡಿ. ಅದರ ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಫ್ಲಾಪ್ ಕೊಳೆಯಲು ಇದು ದೊಡ್ಡ ಕಾರಣ. ಕನಿಷ್ಠ ನಾಲ್ಕು ವಾರ ಮುಂಚೆ ಬಿಡಬೇಕು. ಟಮಾಕ್ಸಿಫೆನ್ ಎಂಬ ಹಾರ್ಮೋನ್ ತಡೆಯುವ ಮಾತ್ರೆ ತಗೊಳ್ಳುತ್ತಿದ್ದರೆ ಅದನ್ನೂ ಹೇಳಿ. ರಕ್ತ ಹೆಪ್ಪುಗಟ್ಟುವ ಭಯದಿಂದ ಕೆಲವು ವಾರ ನಿಲ್ಲಿಸಲು ಹೇಳಬಹುದು. ನೀವಾಗಿಯೇ ಮಾತ್ರ ನಿಲ್ಲಿಸಬೇಡಿ.

ಮರುರಚನೆ ಒಂದೇ ಆಪರೇಷನ್‌ಗೆ ಮುಗಿಯುವುದು ಕಡಿಮೆ. ಇನ್ನೊಂದು ಸ್ತನವನ್ನು ಸರಿಹೊಂದಿಸುವುದು, ಹಳ್ಳ ಬಿದ್ದ ಕಡೆ ಕೊಬ್ಬು ತುಂಬುವುದು, ಕೆಲವು ತಿಂಗಳ ಮೇಲೆ ತೊಟ್ಟು ಮಾಡುವುದು, ಅದಕ್ಕೆ ಹಚ್ಚೆಯ ಬಣ್ಣ ಹಾಕುವುದು ಇವೆಲ್ಲ ಉಳಿದಿರುತ್ತವೆ. ಹೊಸ ಸ್ತನದಲ್ಲಿ ಮೊದಲಿನ ಸ್ಪರ್ಶ ಇರುವುದಿಲ್ಲ, ಹೆಚ್ಚಿನವರಿಗೆ ಮರಗಟ್ಟಿದ ಹಾಗಿರುತ್ತದೆ. ಬಿಸಿನೀರಿನ ಚೀಲ ಇಟ್ಟುಕೊಂಡರೆ ಸುಟ್ಟದ್ದೂ ಗೊತ್ತಾಗದು, ಜೋಪಾನ. ರವಿಕೆ ಹಾಕಿದಾಗ ಎರಡೂ ಕಡೆ ಒಂದೇ ತರ ಕಾಣುತ್ತದೆ, ಕನ್ನಡಿ ಮುಂದೆ ಬರಿಮೈಯಲ್ಲಿ ಕಾಣುವುದಿಲ್ಲ. ಡಾಕ್ಟರ್ ಹತ್ತಿರ ಅವರೇ ಮಾಡಿದ ಆಪರೇಷನ್‌ಗಳ ಫೋಟೊ ಕೇಳಿ ನೋಡಿ.

ಕಟ್ಟಿಸಿಕೊಳ್ಳುವುದು ಬೇಡ ಅಂದರೆ

ಅದೂ ಪೂರ್ತಿ ಸರಿಯಾದ ತೀರ್ಮಾನವೇ. ಹಾಗಿದ್ದರೆ ಸರ್ಜನ್‌ಗೆ ಮೊದಲೇ ಹೇಳಿ, ಅಂಚಿನಲ್ಲಿ ಚರ್ಮದ ಮಡಿಕೆ ಉಳಿಯದಂತೆ ಸಪಾಟಾಗಿ ಹೊಲಿಯುತ್ತಾರೆ. ಕಂಕುಳ ಪಕ್ಕ ಉಳಿದ ಮಡಿಕೆ ದಿನವೂ ರವಿಕೆಗೆ ಉಜ್ಜಿ ಹಿಂಸೆ ಕೊಡುತ್ತದೆ. ಗಾಯ ಒಣಗಿದ ಮೇಲೆ, ಸುಮಾರು ಆರು ವಾರಕ್ಕೆ, ಸಿಲಿಕೋನ್ ಸ್ತನವನ್ನು ಜೇಬಿರುವ ಬ್ರಾ ಒಳಗೆ ಹಾಕಿಕೊಳ್ಳಬಹುದು. ಇನ್ನೊಂದು ಸ್ತನ ಭಾರ ಇರುವವರಿಗೆ ತೂಕ ಸರಿಹೊಂದದೆ ಕತ್ತು, ಭುಜ ನೋಯುತ್ತದೆ. ಅಂಥವರಿಗೆ ಇದು ನಿಜವಾಗಿಯೂ ಬೇಕು. ಅಲ್ಲಿಯವರೆಗೆ ಹತ್ತಿಯದ್ದು, ನೂಲಿನಲ್ಲಿ ಹೆಣೆದದ್ದು ಹಗುರ. ಹೆಣೆದ ಸ್ತನಗಳನ್ನು ಉಚಿತವಾಗಿ ಕೊಡುವ ಸ್ವಯಂಸೇವಕರೂ ಇದ್ದಾರೆ, ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಕೇಳಿ. ಹೊಲಿಗೆಯವರ ಹತ್ತಿರ ಹಳೆಯ ರವಿಕೆಯ ಒಳಗೇ ಒಂದು ಜೇಬು ಹೊಲಿಸಿದರೂ ಆಗುತ್ತದೆ.

ಮನೆಗೆ ಬಂದ ಮೇಲೆ

ಮುಂದೆ ಗುಂಡಿ ಇರುವ ನೈಟಿ ಎರಡು ಮೂರು ತೆಗೆದಿಡಿ. ಕೈ ಮೇಲೆತ್ತಿ ಹಾಕಿಕೊಳ್ಳುವ ಬಟ್ಟೆ ಕೆಲವು ದಿನ ಆಗುವುದಿಲ್ಲ. ಕಂಕುಳ ಹತ್ತಿರ ಡ್ರೈನ್ ಎಂಬ ಕೊಳವೆ, ಅದರ ತುದಿಗೊಂದು ಡಬ್ಬಿ ಇರುತ್ತದೆ. ದಿನವೂ ಒಂದೇ ಹೊತ್ತಿಗೆ ಅದರಲ್ಲಿ ಎಷ್ಟು ಮಿಲಿ ಬಂತು ಅಂತ ಪುಸ್ತಕದಲ್ಲಿ ಬರೆದಿಡಿ. ದಿನಕ್ಕೆ 30 ಮಿಲಿಗಿಂತ ಕಡಿಮೆಯಾದ ಮೇಲೆ ಸಾಮಾನ್ಯವಾಗಿ ತೆಗೆಯುತ್ತಾರೆ, ಒಂದೆರಡು ವಾರ ಆಗಬಹುದು. ಬೆರಳು, ಮಣಿಕಟ್ಟು, ಮೊಣಕೈ ಆಡಿಸುವುದು ಮಾರನೇ ದಿನದಿಂದಲೇ ಶುರುವಾಗಲಿ. ಫಿಸಿಯೋ ಹೇಳಿದ ಮೇಲೆ ಗೋಡೆಯ ಮೇಲೆ ಬೆರಳು ಹತ್ತಿಸುವ ವ್ಯಾಯಾಮ ಮಾಡಿ. ನೋವಾಗುತ್ತೆ ಅಂತ ಸುಮ್ನೆ ಇದ್ದರೆ ಭುಜ ಬಿಗಿದುಕೊಳ್ಳುತ್ತದೆ, ರೇಡಿಯೇಷನ್‌ಗೆ ಕೈ ಮೇಲೆತ್ತಿ ಮಲಗುವುದೂ ಕಷ್ಟವಾಗುತ್ತದೆ. ಆ ಕೈಗೆ ಗಾಯ ಆಗದಂತೆ ನೋಡಿಕೊಳ್ಳಿ. ಕೆಂಪಾಗಿ ಊದಿ ಜ್ವರ ಬಂದರೆ ಅದೇ ದಿನ ಡಾಕ್ಟರ್ ಹತ್ತಿರ ಹೋಗಿ.

ಖರ್ಚು

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30 ಶೇಕಡಾ, ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ ಸಿಗುತ್ತದೆ. ನಿಮಗೆ ಹೇಳಿದ ಆಪರೇಷನ್, ಮರುರಚನೆ ಪ್ಯಾಕೇಜಿನಲ್ಲಿ ಬರುತ್ತದಾ ಅಂತ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಅಡ್ಮಿಟ್ ಆಗುವ ಮುಂಚೆ ಕೇಳಿ.

ಖಾಸಗಿ ವಿಮೆ ಇರುವವರು ಇದನ್ನು ಗಮನಿಸಿ. "ಪ್ಲಾಸ್ಟಿಕ್ ಸರ್ಜರಿಗೆ ಕವರ್ ಇಲ್ಲ" ಅಂತ ಕಂಪನಿಯವರು ಹೇಳಬಹುದು. ವಿಮಾ ನಿಯಂತ್ರಕ ಐಆರ್‌ಡಿಎಐ ನಿಗದಿ ಮಾಡಿದ ಷರತ್ತಿನ ಮಾತುಗಳಲ್ಲೇ ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಮರುರಚನೆಗೆ ಈ ನಿರ್ಬಂಧದಿಂದ ವಿನಾಯಿತಿ ಇದೆ. ಪಾಲಿಸಿಯಲ್ಲಿ ಹೊರಗಿಟ್ಟ ಚಿಕಿತ್ಸೆಗಳ ಪಟ್ಟಿಯಲ್ಲಿ ಕೋಡ್ 08 ಹುಡುಕಿ, ಆ ಸಾಲನ್ನು ತೋರಿಸಿ. ವಿಮೆ ಕಂಪನಿಯ ಒಪ್ಪಿಗೆ ಮೊದಲೇ ಕೇಳುವ ಪ್ರೀ-ಆಥರೈಸೇಷನ್ ಪತ್ರದಲ್ಲಿ ಕ್ಯಾನ್ಸರ್ ಕಾರಣಕ್ಕೆ ಮರುರಚನೆ ಅಂತ ಸ್ಪಷ್ಟವಾಗಿ ಬರೆಯಲು ಸರ್ಜನ್‌ಗೆ ಹೇಳಿ. ಅಮೆರಿಕದಲ್ಲಿರುವ ನಮ್ಮವರಿಗೆ 1998ರ ಕಾನೂನು ನೆರವಿಗಿದೆ. ಸ್ತನ ತೆಗೆಯುವ ಖರ್ಚು ಕೊಡುವ ವಿಮೆಯವರು ಮರುರಚನೆ, ಇನ್ನೊಂದು ಸ್ತನ ಸರಿಹೊಂದಿಸುವುದು, ಕೃತಕ ಸ್ತನ, ಕೈ ಊತದ ಚಿಕಿತ್ಸೆ ಎಲ್ಲಕ್ಕೂ ಕೊಡಬೇಕು.

ಆಪರೇಷನ್ ಆಗಿ ವರ್ಷಗಳೇ ಆಗಿದ್ದರೆ

ಈಗಲೂ ಕಟ್ಟಿಸಿಕೊಳ್ಳಬಹುದು. ಐದು ವರ್ಷವಾಗಿರಲಿ, ಹತ್ತು ವರ್ಷವಾಗಿರಲಿ, ಆರೋಗ್ಯ ಚೆನ್ನಾಗಿದ್ದರೆ ದಾರಿ ಇದೆ. ಪ್ಲಾಸ್ಟಿಕ್ ಸರ್ಜನ್ ಭೇಟಿಗೆ ಹಳೆಯ ಆಪರೇಷನ್ ನೋಟ್ಸ್, ಡಿಸ್ಚಾರ್ಜ್ ಸಮ್ಮರಿ, ಪೆಥಾಲಜಿ ರಿಪೋರ್ಟ್, ರೇಡಿಯೇಷನ್ ಎಷ್ಟು ಕೊಟ್ಟರು ಎಂಬ ಚೀಟಿ, ಇನ್ನೊಂದು ಸ್ತನದ ಇತ್ತೀಚಿನ ಮ್ಯಾಮೊಗ್ರಾಂ ತಗೊಂಡು ಹೋಗಿ. ಕಾಗದಗಳು ಕಳೆದಿದ್ದರೆ ಚಿಕಿತ್ಸೆ ಮಾಡಿದ ಆಸ್ಪತ್ರೆಯ ರೆಕಾರ್ಡ್ ವಿಭಾಗಕ್ಕೆ ಹಳೆಯ ಆಸ್ಪತ್ರೆ ನಂಬರ್ ಬರೆದು ಅರ್ಜಿ ಕೊಡಿ.